ತಿಕ್ಕುವ ಮೊದಲು ತಿರುವಿ ನೋಡಿ

ಖಂಡೇಪೂಜೆ ಹತ್ತಿರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ನೀರಿದ್ದ ಕಡೆಯೆಲ್ಲ ಗಾಡಿ ತೊಳೆಯುವ ಸಂಭ್ರಮ. ಬೆನ್ನಿಗೇ ಕಬ್ಬಿನ ಹಂಗಾಮು ಬೇರೆ. ಮರಗೂರಿನ ಕಾರ್ಖಾನೆ ದಾರಿ ಹಿಡಿಯುವ ಟ್ರ್ಯಾಕ್ಟರು ಮದುಮಗನ ಹಾಗೆ ಕಾಣಬೇಕು ಎಂಬುದು ಚಾಲಕರ ಹಟ. ಹಿಂದೆ ಕಾರಹುಣ್ಣಿಮೆಗೆ ಎತ್ತಿನ ಕೋಡಣಸನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಕೈಗಳೇ ಈಗ ಟ್ರ್ಯಾಕ್ಟರಿನ ಮುಂದಿನ ಬೆಳ್ಳನೆಯ ಪಟ್ಟಿಯನ್ನು ತಿಕ್ಕುತ್ತವೆ. ಹಿತ್ತಾಳೆ ತಿಕ್ಕಿದಷ್ಟೂ ಬೆಳಗುತ್ತದೆ. ಈ ಪಟ್ಟಿ ಮಾತ್ರ ತಿಕ್ಕಿದಷ್ಟೂ ಮಾಸಿ, ಕೊನೆಗೆ ಒಳಗಿನ ಕರಿ ಪ್ಲಾಸ್ಟಿಕ್ಕು ಇಣುಕುತ್ತದೆ.

ನಾನೂ ಒಮ್ಮೆ ಹೀಗೇ ಕೆಟ್ಟೆ. ಬೈಕಿನ ಕನ್ನಡಿಯ ಹಿಂಬದಿಯ ಚಿಪ್ಪಿನಲ್ಲಿ ಅಲ್ಲಲ್ಲಿ ಹೊಳಪು ಎದ್ದಿತ್ತು. ಪೂರ್ತಿ ಕೆರೆದು ಹೊಸದಾಗಿ ಬಳಿಸೋಣ ಎಂದುಕೊಂಡು ಬೂದಿ ಹಾಕಿ ತಿಕ್ಕುತ್ತ ಕುಳಿತಿದ್ದೆ. ಗ್ಯಾರೇಜಿನ ಹುಡುಗ ನೋಡಿ ನಕ್ಕ: "ಸಾಹೇಬ್ರ, ಅದು ಲೋಹ ಅಲ್ರೀ, ಪ್ಲಾಸ್ಟಿಕ್ ಐತ್ರಿ. ಮ್ಯಾಲೆ ಬರೇ ಪಾಲಿಶ್." ಹಾಗಾದರೆ ಪಾಲಿಶ್ ಕರಗಿಸಿದರಾಯಿತು ಎಂದು ಪೇಂಟಿನ ಅಂಗಡಿಯಿಂದ ಥಿನ್ನರ್ ತಂದು ಬಟ್ಟೆ ಅದ್ದಿ ಒರೆಸಿದೆ. ಪಾಲಿಶ್ ಹಾಗೇ ಉಳಿಯಿತು, ಅದರ ಕೆಳಗಿನ ಪ್ಲಾಸ್ಟಿಕ್ಕು ಬೆಲ್ಲದಂತೆ ಅಂಟಂಟಾಗಿ ಕೈಗೆ ಬಂತು.

ಪ್ಲಾಸ್ಟಿಕ್ಕಿನ ಮೇಲಿನ ಲೋಹವನ್ನು ತೆಗೆಯುವುದು ಕಷ್ಟವಲ್ಲ. ಪ್ಲಾಸ್ಟಿಕ್ಕನ್ನು ಉಳಿಸಿಕೊಂಡು ತೆಗೆಯುವುದರಲ್ಲೇ ಕಸುಬು ಇರುವುದು. ಆದ್ದರಿಂದ ಯಾವ ಸೀಸೆಯ ಮುಚ್ಚಳ ತೆಗೆಯುವ ಮೊದಲೂ ಎರಡು ಪ್ರಶ್ನೆಗೆ ಉತ್ತರ ಬೇಕು: ಮೇಲಿರುವ ಲೋಹ ಯಾವುದು, ಕೆಳಗಿರುವ ಪ್ಲಾಸ್ಟಿಕ್ ಯಾವುದು?

ಹೊಳಪೆಲ್ಲ ಒಂದೇ ಅಲ್ಲ

ನಮ್ಮ ಕಣ್ಣಿಗೆ ಎಲ್ಲವೂ 'ಕ್ರೋಮ್'. ಆದರೆ ಗ್ಯಾರೇಜಿಗೂ ಮನೆಗೂ ಬರುವ ಹೊಳೆಯುವ ಪ್ಲಾಸ್ಟಿಕ್ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ನಿರ್ವಾತದಲ್ಲಿ ಅಲ್ಯೂಮಿನಿಯಂ ಏರಿಸಿದ್ದು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ತಂತಿಯನ್ನು ಕಾಯಿಸಿ ಆವಿ ಮಾಡುತ್ತಾರೆ. ಆ ಆವಿ ಪ್ಲಾಸ್ಟಿಕ್ಕಿನ ಮೇಲೆ ಇಬ್ಬನಿಯಂತೆ ಕೂರುತ್ತದೆ. ಹೆಡ್‌ಲೈಟಿನ ಒಳಗಿನ ಬಟ್ಟಲು, ಶಾಲೆಯ ಬಹುಮಾನದ ಪ್ಲಾಸ್ಟಿಕ್ ಕಪ್ಪು, ಆಟಿಕೆ, ಮದುವೆ ಮಂಟಪದ ಅಲಂಕಾರ ಎಲ್ಲ ಈ ಜಾತಿಯವು. ಪದರದ ದಪ್ಪ ಸುಮಾರು 0.1 ಮೈಕ್ರಾನ್. ತಲೆಗೂದಲು 70 ಮೈಕ್ರಾನ್ ದಪ್ಪ ಎಂದು ಹಿಡಿದರೆ ಅದರ ಏಳುನೂರರಲ್ಲಿ ಒಂದು ಪಾಲು. ದೊಡ್ಡಾಟದ ಕಿರೀಟಕ್ಕೆ ಅಂಟಿಸುತ್ತಿದ್ದ ಬೇಗಡೆ ಇದರ ಮುಂದೆ ರೊಟ್ಟಿಯಷ್ಟು ದಪ್ಪ. ಇಷ್ಟು ತೆಳುವಾದ ಲೋಹ ತಾನಾಗಿ ನಿಲ್ಲುವುದಿಲ್ಲ. ಕೆಳಗೊಂದು ಮೇಲೊಂದು ಲ್ಯಾಕರ್ ಪದರ ಇರುತ್ತದೆ.

ಎರಡನೆಯದು ನಿಜವಾದ ಪ್ಲೇಟಿಂಗ್. ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನು ಕ್ರೋಮಿಕ್ ಮತ್ತು ಗಂಧಕಾಮ್ಲದ ಮಿಶ್ರಣದಲ್ಲಿ ಅದ್ದಿದರೆ ಅದರೊಳಗಿನ ರಬ್ಬರಿನ ಕಣಗಳು ಕರಗಿ ಮೈತುಂಬ ಸೂಕ್ಷ್ಮ ಕುಳಿ ಬೀಳುತ್ತವೆ. ಲೋಹ ಆ ಕುಳಿಗಳಲ್ಲಿ ಬೇರು ಬಿಡುತ್ತದೆ. ತಾಮ್ರ 15ರಿಂದ 25 ಮೈಕ್ರಾನ್, ಅದರ ಮೇಲೆ ನಿಕ್ಕಲ್ ಸುಮಾರು 10 ಮೈಕ್ರಾನ್, ತುದಿಗೆ ಕ್ರೋಮಿಯಂ ಅರ್ಧ ಮೈಕ್ರಾನಿಗಿಂತ ಕಡಿಮೆ. ಕಾರಿನ ಮುಂದಿನ ಜಾಲರಿ, ಕಂಪನಿಯ ಹೆಸರಿನ ಬಿಲ್ಲೆ, ಬಚ್ಚಲುಮನೆಯ ಶವರಿನ ತಲೆ ಹೀಗೆ ಆಗಿರುತ್ತವೆ.

ಮೂರನೆಯದು ಬರೀ ಬಣ್ಣ, ಅಂದರೆ ಅಲ್ಯೂಮಿನಿಯಂ ಪುಡಿ ಕಲಸಿದ ಡಬ್ಬಿಯ 'ಕ್ರೋಮ್ ಸ್ಪ್ರೇ'. ಇದಕ್ಕೆ ಹೆಚ್ಚು ಹೇಳುವುದೇನಿಲ್ಲ. ನೀರು ಹಾಕಿ ನುಣುಪು ಎಮರಿ ಕಾಗದದಲ್ಲಿ ಉಜ್ಜಿದರೆ ಮುಗಿಯಿತು.

ಗುರುತು ಹಿಡಿಯಲು ಪ್ರಯೋಗಾಲಯ ಬೇಡ. ಎದ್ದ ಸಿಪ್ಪೆಯೊಂದನ್ನು ಉಗುರಿನಲ್ಲಿ ಎತ್ತಿ ನೋಡಿ. ತಗಡಿನಂತೆ ಸುರುಳಿ ಸುತ್ತಿ, ಒಳಮೈ ತಾಮ್ರದ ಕೆಂಪು ತೋರಿಸಿದರೆ ಅದು ಪ್ಲೇಟಿಂಗ್. ಬೆರಳಿಗೆ ಬೂದುಬಣ್ಣದ ಮಸಿಯಷ್ಟೇ ಹತ್ತಿದರೆ ಅಲ್ಯೂಮಿನಿಯಂ. ಇನ್ನೂ ಅನುಮಾನವಿದ್ದರೆ ಮೋಟಾರು ಸುತ್ತುವ ಅಂಗಡಿಯವರ ಮೀಟರಿನ ಎರಡು ಮುಳ್ಳನ್ನು ಭಾಗದ ಮೇಲೆ ಇಡಿಸಿ. ಪ್ಲೇಟಿಂಗ್ ಆಗಿದ್ದರೆ ಮೀಟರು ತಕ್ಷಣ ಕೂಗುತ್ತದೆ. ಬಣ್ಣವಾದರೆ ಕೂಗುವುದಿಲ್ಲ. ಲ್ಯಾಕರಿನ ಕೆಳಗಿರುವ ಅಲ್ಯೂಮಿನಿಯಂ ಕೂಡ ಮೌನಿಯೇ.

ಈಗ ಭಾಗವನ್ನು ತಿರುವಿ. ಒಳಮೈಯಲ್ಲಿ ಎರಡು ಬಾಣದ ಗುರುತಿನ ನಡುವೆ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ: ಎಬಿಎಸ್, ಪಿಸಿ, ಪಿಪಿ, ಪಿಬಿಟಿ ಹೀಗೆ. ಕಂಪನಿಯವರು ಗುಜರಿಗೆಂದು ಹಾಕಿದ ಈ ಗುರುತು ರಿಪೇರಿ ಮಾಡುವವರಿಗೆ ಜಾತಕವಿದ್ದಂತೆ. ಎಬಿಎಸ್ ಕ್ಷಾರವನ್ನು ತಡೆಯುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದನ್ನೂ ತಡೆಯುವುದಿಲ್ಲ. ಪಿಸಿ, ಅಂದರೆ ಪಾಲಿಕಾರ್ಬೊನೇಟ್, ಕ್ಷಾರಕ್ಕೆ ಅಂಜುತ್ತದೆ. ಪೆಟ್ರೋಲ್ ತಾಗಿದರೆ ಒತ್ತಡವಿರುವ ಕಡೆ ಕೂದಲೆಳೆಯ ಬಿರುಕು ಬಿಡುತ್ತದೆ. ಪಿಪಿ ಎರಡಕ್ಕೂ ಜಗ್ಗದು, ಆದರೆ ಹೊಸ ಬಣ್ಣವನ್ನೂ ಹತ್ತಿರ ಬಿಟ್ಟುಕೊಳ್ಳದು. ಗುರುತು ಅಳಿಸಿದ್ದರೆ ಮುರಿದ ಚೂರನ್ನು ನೀರಿಗೆ ಹಾಕಿ. ತೇಲಿದರೆ ಬಹುಮಟ್ಟಿಗೆ ಪಿಪಿ. ಎಬಿಎಸ್, ಪಿಸಿ ಮುಳುಗುತ್ತವೆ. ನಮ್ಮ ಗ್ಯಾರೇಜುಗಳಲ್ಲಿ ಏನೇ ಕೊಳೆಯಿದ್ದರೂ ಪೆಟ್ರೋಲ್ ಬಟ್ಟೆಯಲ್ಲಿ ಒರೆಸುವ ರೂಢಿ. ಕಬ್ಬಿಣಕ್ಕೆ ಸರಿ, ಪ್ಲಾಸ್ಟಿಕ್ಕಿಗೆ ಬೇಡವೇ ಬೇಡ.

ಅಲ್ಯೂಮಿನಿಯಂ ಬಿಡಿಸುವುದು

ಇದು ಅಂಗಳದಲ್ಲಿ ಮಾಡಬಹುದಾದ ಕೆಲಸ. ಬೇಕಾದದ್ದು ಸಾಬೂನು ಕಾಯಿಸುವವರು ಬಳಸುವ ಕಾಸ್ಟಿಕ್ ಸೋಡಾದ ಚಕ್ಕೆ. ಒಂದು ಲೀಟರ್ ತಣ್ಣೀರಿಗೆ 20ರಿಂದ 30 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು; ಅಲ್ಯೂಮಿನಿಯಂ ಪಾತ್ರೆಯಲ್ಲಿ ಕದಡಿದರೆ ಪಾತ್ರೆಯೇ ಕರಗಲು ಶುರುವಾಗುತ್ತದೆ. ನೀರಿಗೆ ಚಕ್ಕೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಚಕ್ಕೆಯ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಮುಚ್ಚಿದ ಕನ್ನಡಕ, ಮೊಣಕೈವರೆಗಿನ ರಬ್ಬರ್ ಕೈಗವಸು ಇಲ್ಲದೆ ಕೈ ಹಾಕಬೇಡಿ. ಮಕ್ಕಳನ್ನೂ ದನಗಳನ್ನೂ ದೂರ ಇಡಿ. ಅಲ್ಯೂಮಿನಿಯಂ ಕರಗುವಾಗ ಹೈಡ್ರೋಜನ್ ಏಳುತ್ತದೆ. ಇಷ್ಟು ತೆಳುವಾದ ಪದರದಿಂದ ಬರುವುದು ಅತ್ಯಲ್ಪವಾದರೂ ಬೀಡಿ ಹಚ್ಚಿಕೊಂಡು ಬಕೆಟ್ಟಿಗೆ ಬಗ್ಗುವುದು ಜಾಣತನವಲ್ಲ.

ಬಲ್ಬು, ರಬ್ಬರು, ತಿರುಪು ಎಲ್ಲ ಬಿಚ್ಚಿಡಿ. ಅಲ್ಯೂಮಿನಿಯಂ ಅಥವಾ ಸತುವಿನ ಚೂರು ಉಳಿದಿದ್ದರೆ ಅದೂ ಕರಗುತ್ತದೆ. ಮೊದಲು ಪಾತ್ರೆ ತೊಳೆಯುವ ಸಾಬೂನಿನಲ್ಲಿ ಎಣ್ಣೆ, ಧೂಳು ಕಳೆಯಿರಿ. ನಂತರ ಕಾಣದ ಮೂಲೆಯಲ್ಲಿ ಕಿವಿ ಒರೆಸುವ ಹತ್ತಿಕಡ್ಡಿಯಿಂದ ಒಂದು ಹನಿ ಇಟ್ಟು ಎರಡು ನಿಮಿಷ ಕಾಯಿರಿ. ಹೊಳಪು ಮಾಯವಾಗಿ ಬರೀ ಪ್ಲಾಸ್ಟಿಕ್ಕು ಕಂಡರೆ ಉಳಿದದ್ದನ್ನೂ ಅದ್ದಬಹುದು.

ಏನೂ ಆಗದಿದ್ದರೆ? ಇಲ್ಲೇ ಬಹಳ ಜನ ಎಡವುತ್ತಾರೆ. ಸೋಡಾ ಸಾಲದೇನೋ ಎಂದು ಇನ್ನೆರಡು ಹಿಡಿ ಸುರಿಯುತ್ತಾರೆ, ನೀರು ಕಾಯಿಸುತ್ತಾರೆ. ತಡೆಯುತ್ತಿರುವುದು ಅಲ್ಯೂಮಿನಿಯಂ ಅಲ್ಲ, ಅದರ ಮೇಲಿನ ಲ್ಯಾಕರು. ಕ್ಷಾರಕ್ಕೆ ಒಳಗೆ ಹೋಗಲು ದಾರಿ ಬೇಕು, ಅಷ್ಟೇ. 1000 ನಂಬರಿನ ಎಮರಿ ಕಾಗದಕ್ಕೆ ನೀರು ಹಚ್ಚಿ ಮೈಯೆಲ್ಲ ಹಗುರವಾಗಿ ಗೀರಿ, ಮತ್ತೆ ಅದ್ದಿ. ಗೀರಿನ ಗುಂಟ ಹೊಳಪು ಕರಗುತ್ತ ಹೋಗುವುದನ್ನು ಕಣ್ಣಾರೆ ಕಾಣಬಹುದು. ನೀರು ಬಿಸಿ ಮಾಡುವುದು ಬೇಡ. ಎಬಿಎಸ್ ಸುಮಾರು 100 ಡಿಗ್ರಿಗೆ ಮೆತ್ತಗಾಗುವ ವಸ್ತು, ತೆಳು ಭಾಗಗಳು ಅದಕ್ಕೂ ಮೊದಲೇ ಸೊಟ್ಟಗಾಗುತ್ತವೆ. ಪಿಸಿ ಆಗಿದ್ದರೆ ಅದ್ದಿ ಇಡಲೇಬೇಡಿ. ಹತ್ತಿಯಲ್ಲಿ ಒರೆಸಿ, ಒಂದೆರಡು ನಿಮಿಷದೊಳಗೆ ತೊಳೆದುಬಿಡಿ.

ಕೆಳಗಿನ ಲ್ಯಾಕರ್ ಪದರ ಗಟ್ಟಿಯಾಗಿ ಉಳಿದಿದ್ದರೆ ಅದನ್ನು ಕೀಳುವ ಹಟ ಬೇಡ. ಹೊಸ ಬಣ್ಣಕ್ಕೆ ಅದೇ ಒಳ್ಳೆಯ ನೆಲ. ಎದ್ದ ಕಡೆ ಮಾತ್ರ ಉಜ್ಜಿ ಸಮ ಮಾಡಿ.

ಇನ್ನು ನೀರಿನ ಮಾತು. ಡೋಣಿ ಹೊಳೆಯ ಉಪ್ಪು ಈ ಜಿಲ್ಲೆಗೆ ಗೊತ್ತಿದ್ದದ್ದೇ. ಎಷ್ಟೋ ಬೋರುಗಳ ನೀರೂ ಗಡಸು. ಕ್ಷಾರ ಹತ್ತಿದ ಭಾಗವನ್ನು ಗಡಸು ನೀರಿನಲ್ಲಿ ತೊಳೆದರೆ ಸುಣ್ಣದಂಥ ಬಿಳಿ ಪೊರೆ ಕೂರುತ್ತದೆ, ಅದರ ಮೇಲೆ ಬಳಿದ ಬಣ್ಣ ಮೂರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ನಮ್ಮ ಇಂಡಿಯ ಲಿಂಬೆ ಉಪಯೋಗಕ್ಕೆ ಬರುವುದು ಇಲ್ಲಿ. ಭೌಗೋಳಿಕ ಸೂಚಿಕೆಯ ಮಾನ ಪಡೆದ ಆ ಹಣ್ಣನ್ನು ಜನ ಮೊದಲೇ ಹಿಂಡಿ ತಿಕ್ಕುತ್ತಾರೆ. ಅಲ್ಯೂಮಿನಿಯಂ ಬಿಡಿಸುವ ಕೆಲಸ ಅದರಿಂದ ಆಗದು. ಅದರ ಸರದಿ ಕೊನೆಗೆ. ಮೊದಲು ಧಾರಾಳ ನೀರಿನಲ್ಲಿ ತೊಳೆದು, ಅರ್ಧ ಬಕೆಟ್ ನೀರಿಗೆ ನಾಲ್ಕೈದು ಹಣ್ಣಿನ ಸೋಸಿದ ರಸ ಹಾಕಿ ಐದು ನಿಮಿಷ ಮುಳುಗಿಸಿ. ಉಳಿದ ಕ್ಷಾರವೂ ಸಾಯುತ್ತದೆ, ಬಿಳಿ ಪೊರೆಯೂ ಕರಗುತ್ತದೆ. ಕಡೆಯ ತೊಳೆತಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತನ್ನಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿಯ ನೀರು ಕೇಳಿ ತನ್ನಿ, ಬ್ಯಾಟರಿಯ ಆಸಿಡ್ ಅಲ್ಲ.

ಕ್ಷಾರ ಮೈಗೆ ಸಿಡಿದರೆ ಮಾತ್ರ ಲಿಂಬೆಯನ್ನು ಮರೆತುಬಿಡಿ. ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆಯಿರಿ. ಕಣ್ಣಿಗಾದರೆ ತೊಳೆಯುತ್ತಲೇ ದವಾಖಾನೆಗೆ ಹೊರಡಬೇಕು.

ಇದೇ ಕೆಲಸವನ್ನು ಭಕ್ತಿಯಿಂದ ಮಾಡುವವರೂ ಇದ್ದಾರೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯು ತಮಿಳುನಾಡಿನ ಕವಲೂರಿನಲ್ಲಿ ನಡೆಸುವ ವೈನು ಬಾಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ. ಅದರ ಮೈಮೇಲೂ ಇಂಥದೇ ಅಲ್ಯೂಮಿನಿಯಂ. ಮಾಸಿದಾಗ ಹಳೆಯ ಪದರ ಬಿಡಿಸಿ, ನಿರ್ವಾತದ ದೊಡ್ಡ ಪೆಟ್ಟಿಗೆಯೊಳಗೆ ಹೊಸದನ್ನು ಏರಿಸುತ್ತಾರೆ. ಅದು ಗಾಜು, ನಮ್ಮದು ಪ್ಲಾಸ್ಟಿಕ್ಕು. ತೊಳೆಯುವ ಶ್ರದ್ಧೆ ಎರಡಕ್ಕೂ ಒಂದೇ.

ಕ್ರೋಮ್ ಪ್ಲೇಟಿಂಗ್: ದೂರದಿಂದಲೇ ನಮಸ್ಕಾರ

ಕ್ರೋಮನ್ನು ಏನು ಕರಗಿಸುತ್ತದೆ ಎಂಬುದನ್ನು ನಮ್ಮ ಎಷ್ಟೋ ಮನೆಯವರು ತಿಳಿಯದೆಯೇ ಕಂಡುಹಿಡಿದಿದ್ದಾರೆ. ಶವರಿನ ತಲೆಗೆ ಗಡಸು ನೀರಿನ ಬಿಳಿ ಕಟ್ಟಿದೆ ಎಂದು ಸಂಡಾಸಿಗೆ ಹಾಕುವ ಆಸಿಡ್ ಬಳಿಯುತ್ತಾರೆ. ಬಿಳಿ ಹೋಗುತ್ತದೆ, ಜೊತೆಗೆ ನೀಲಿಛಾಯೆಯ ಹೊಳಪೂ ಹೋಗಿ ಮಂಕಾದ ಹಳದಿ ಉಳಿಯುತ್ತದೆ. ಆ ಹಳದಿ ನಿಕ್ಕಲ್. ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮಿಯಂ ಪದರವನ್ನು ನಿಮಿಷಗಳಲ್ಲಿ ನುಂಗುತ್ತದೆ. (ಶವರಿಗೆ ಬೇಕಾಗಿದ್ದದ್ದು ಲಿಂಬೆ ರಸದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡುವುದು, ಅಷ್ಟೇ.)

ಪ್ಲೇಟಿಂಗ್ ಅಂಗಡಿಗಳಲ್ಲಿ ಕ್ರೋಮ್ ಕಳೆಯಲು ಇದೇ ಆಮ್ಲವನ್ನು ತೆಳುಮಾಡಿ ಬಳಸುತ್ತಾರೆ. ಕೆಳಗಿನ ನಿಕ್ಕಲ್, ತಾಮ್ರ ತೆಗೆಯಲು ಫೆರಿಕ್ ಕ್ಲೋರೈಡಿನಂಥ ದ್ರಾವಣ ಬೇಕು. ಎಬಿಎಸ್ ಇವೆರಡನ್ನೂ ತಾಳಿಕೊಳ್ಳುತ್ತದೆ. ತಾಳಿಕೊಳ್ಳದಿರುವುದು ನಾವು, ನಮ್ಮ ಬಾವಿ. ಆದ್ದರಿಂದ ಇದನ್ನು ಮನೆಯಲ್ಲಿ, ಗ್ಯಾರೇಜಿನಲ್ಲಿ ಮಾಡುವ ವಿಧಾನವನ್ನು ಇಲ್ಲಿ ಕೊಡುತ್ತಿಲ್ಲ. ಲೆಕ್ಕ ನೋಡಿ: 100 ಚದರ ಸೆಂಟಿಮೀಟರ್, ಅಂದರೆ ಅಂಗೈಯಗಲದ ಭಾಗದ ಮೇಲೆ 0.3 ಮೈಕ್ರಾನ್ ಕ್ರೋಮ್ ಇದ್ದರೆ ಅದು ಸುಮಾರು 20 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಅಂಗೈಯಗಲದ ಆ ಹೊಳಪೊಂದೇ 400 ಲೀಟರ್ ನೀರನ್ನು ಆ ಗಡಿಗೆ ಮುಟ್ಟಿಸಬಲ್ಲದು. ಅದರ ಕೆಳಗಿನ ನಿಕ್ಕಲ್, ತಾಮ್ರದ ಲೆಕ್ಕ ಬೇರೆ.

ಇನ್ನೊಂದು ದಾರಿ ಮೊಬೈಲಿನ ವಿಡಿಯೊಗಳಲ್ಲಿ ಓಡಾಡುತ್ತಿದೆ: ಕಾಸ್ಟಿಕ್ ನೀರಿನಲ್ಲಿ ಭಾಗವನ್ನು ಅದ್ದಿ, ಬ್ಯಾಟರಿ ಚಾರ್ಜರಿನ ತಂತಿ ಸಿಕ್ಕಿಸುವುದು. ಕ್ರೋಮ್ ಹೋಗುತ್ತದೆ, ನೀರು ಹಳದಿಯಾಗುತ್ತದೆ. ಆ ಹಳದಿಯೇ ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ರೂಪ. ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಸೇರಿ ಸುದ್ದಿಯಾದದ್ದು ಇದೇ ವಿಷ. ನಾಲ್ಕು ತಿಂಗಳು ಕುಡಿಯುವ ನೀರಿಗೆ ಪರದಾಡುವ ನಮ್ಮ ಸೀಮೆಯಲ್ಲಿ ಒಂದು ಬಿಲ್ಲೆಯ ಆಸೆಗೆ ಅದನ್ನು ನೆಲಕ್ಕೆ ಬಿಡುವುದು ಪಾಪದ ಕೆಲಸ ಎಂದೇ ನನ್ನ ಅಭಿಪ್ರಾಯ.

ಆಮ್ಲವನ್ನು ಸುಮ್ಮನೆ ಕೊಳ್ಳುವಂತೆಯೂ ಇಲ್ಲ. ಸುಪ್ರೀಂ ಕೋರ್ಟಿನ 2013ರ ಜುಲೈ ಆದೇಶದ ಮೇಲೆ, ಕೊಳ್ಳುವವರು ಗುರುತಿನ ಚೀಟಿ ತೋರಿಸಿ ಕಾರಣ ಹೇಳಬೇಕು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಇನ್ನೊಂದು ಮಾತನ್ನು ಮಾತ್ರ ಗೋಡೆಯ ಮೇಲೆ ಬರೆದಿಡಿ: ಬಟ್ಟೆಗೆ ಹಾಕುವ ಬ್ಲೀಚನ್ನೂ ಆಸಿಡ್ಡನ್ನೂ ಒಂದೇ ಬಕೆಟ್ಟಿಗೆ ಹಾಕಬಾರದು. ಏಳುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಜೀವ ತೆಗೆಯುತ್ತದೆ.

ಹಾಗಾದರೆ ಸಿಪ್ಪೆಯೆದ್ದ ಪ್ಲೇಟಿಂಗಿಗೆ ಏನು ಮಾಡಬೇಕು? ಬಹುತೇಕ ಪೂರ್ತಿ ಬಿಡಿಸುವ ಅಗತ್ಯವೇ ಇಲ್ಲ. ಎದ್ದಿರುವಷ್ಟನ್ನು ಮೊಂಡು ಚಾಕುವಿನಿಂದ ಎತ್ತಿ. ಆ ಸಿಪ್ಪೆಯ ಅಂಚು ಬ್ಲೇಡಿಗಿಂತ ಹರಿತ, ಬರಿಗೈ ಬೇಡ. ಗಟ್ಟಿಯಾಗಿ ಕೂತಿರುವ ಕಡೆ ಅಂಚನ್ನು 400ರ ಕಾಗದದಲ್ಲಿ ನೀರು ಹಾಕಿ ಉಜ್ಜುತ್ತ, ಬೆರಳಾಡಿಸಿದರೆ ಮೆಟ್ಟಿಲು ತಾಗದಷ್ಟು ಇಳಿಜಾರು ಮಾಡಿ. ಒಣಗಿಸಿ ಉಜ್ಜಬೇಡಿ, ನಿಕ್ಕಲಿನ ಪುಡಿ ಮೂಗಿಗೆ ಹೋಗುತ್ತದೆ. ಕ್ರೋಮಿನ ನುಣುಪಿನ ಮೇಲೆ ಬಣ್ಣ ನಿಲ್ಲದ ಕಾರಣ ಉಳಿದ ಮೈಯನ್ನೂ ಮಂಕಾಗುವವರೆಗೆ ಉಜ್ಜಬೇಕು.

ಮತ್ತೆ ನಿಜವಾದ ಕ್ರೋಮೇ ಬೇಕು ಎನ್ನುವವರು ಮಾಲಿನ್ಯ ಮಂಡಳಿಯ ಪರವಾನಗಿ ಇರುವ, ಪ್ಲಾಸ್ಟಿಕ್ ಪ್ಲೇಟಿಂಗ್ ಮಾಡುವ ಘಟಕಕ್ಕೇ ಕೊಡಬೇಕು. ಕೊಡುವಾಗ ಇದು ಹಳೆಯ ಪ್ಲೇಟಿಂಗ್ ಭಾಗ ಎಂದು ಹೇಳಲು ಮರೆಯಬೇಡಿ. ಮೊದಲ ಸಲವೇ ಕುಳಿ ಬಿದ್ದ ಎಬಿಎಸ್ಸನ್ನು ಹೊಸ ಭಾಗದಷ್ಟೇ ಹೊತ್ತು ಆಮ್ಲದಲ್ಲಿ ಇಟ್ಟರೆ ಮೇಲ್ಮೈ ಪುಡಿಪುಡಿಯಾಗಿ, ಹೊಸ ಲೋಹ ಮತ್ತೆ ಏಳುತ್ತದೆ. ಕಬ್ಬಿಣಕ್ಕೆ ನಿಕ್ಕಲ್ ಪಾಲಿಶ್ ಮಾಡುವ ಎಲ್ಲರೂ ಪ್ಲಾಸ್ಟಿಕ್ ಮುಟ್ಟುವವರಲ್ಲ, ಅದನ್ನೂ ಕೇಳಿಕೊಳ್ಳಿ.

ಹೆಡ್‌ಲೈಟಿನ ಬಟ್ಟಲು

ಧೂಳು ಕುಡಿದು ಮಂಕಾದ ಟ್ರ್ಯಾಕ್ಟರಿನ ಹೆಡ್‌ಲೈಟನ್ನು ಬಿಚ್ಚಿ, ಒಳಗಿನ ಬಟ್ಟಲಿಗೆ ಬೆಳ್ಳಿ ಬಣ್ಣ ಹೊಡೆಯುವುದನ್ನು ನಾಲ್ಕೂ ತಾಲ್ಲೂಕಿನಲ್ಲಿ ಕಂಡಿದ್ದೇನೆ. ಮಾಡಬೇಡಿ. ಅಲ್ಯೂಮಿನಿಯಂ ಪದರ ಬೀಳುವ ಬೆಳಕಿನ ನೂರಕ್ಕೆ ತೊಂಬತ್ತರಷ್ಟನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಬೆಳ್ಳಿ ಬಣ್ಣ ಎಷ್ಟೇ ಹೊಳೆದರೂ ಬೆಳಕನ್ನು ಚದುರಿಸುತ್ತದೆ. ದಾರಿ ಕತ್ತಲಾಗಿ, ಎದುರಿನವರ ಕಣ್ಣು ಕುಕ್ಕುತ್ತದೆ. ರಾತ್ರಿ ಎರಡು ಟ್ರೇಲರ್ ಕಬ್ಬು ಎಳೆಯುವ ಗಾಡಿಗೆ ಇದು ಚಂದದ ಪ್ರಶ್ನೆಯಲ್ಲ. ಬಟ್ಟಲು ಮಾಸಿದ್ದರೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಏರಿಸುವವರಿಗೆ ಕಳಿಸಬೇಕು, ಇಲ್ಲವೇ ಹೊಸ ಹೆಡ್‌ಲೈಟ್ ತರಬೇಕು. ಮಂಕಾಗದ ಬಟ್ಟಲಿನ ಧೂಳನ್ನು ಬಟ್ಟೆಯಿಂದ ಒರೆಸುವುದೂ ತಪ್ಪು. ಗಾಳಿ ಊದಿ ತೆಗೆಯಿರಿ.

ಹೊಸ ಮೈ

ಬಿಡಿಸಿದ ಭಾಗ ನಿಜವಾಗಿ ಶುದ್ಧವಾಯಿತೇ ಎಂದು ತಿಳಿಯಲು ನೀರೇ ಸಾಕ್ಷಿ. ಅದ್ದಿ ಎತ್ತಿದಾಗ ನೀರು ತೆಳು ಹಾಳೆಯಂತೆ ಮೈತುಂಬ ನಿಂತರೆ ಸರಿ. ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಒಡೆದರೆ ಎಲ್ಲೋ ಎಣ್ಣೆ ಉಳಿದಿದೆ, ಸಾಬೂನಿಗೆ ವಾಪಸು. ಇದಾದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ.

ನೆರಳಲ್ಲಿ ಒಂದು ರಾತ್ರಿ ಒಣಗಿಸಿ. 600, ನಂತರ 800ರ ಕಾಗದ. ಪ್ಲಾಸ್ಟಿಕ್ ಪ್ರೈಮರ್ ತೆಳುವಾಗಿ. ಪಿಪಿ ಆದರೆ ಅದಕ್ಕೆಂದೇ ಇರುವ ಹಿಡಿತದ ಪ್ರೈಮರ್ ಮೊದಲು. ಕ್ರೋಮ್ ಬಣ್ಣ ಹೊಡೆಯುವವರು ಕೆಳಗೆ ಹೊಳೆಯುವ ಕರಿ ಬಣ್ಣ ಹಾಕಿ ಅದು ಕನ್ನಡಿಯಾಗುವವರೆಗೆ ಕಾಯಬೇಕು. ಕೆಳಗಿನ ಒಂದು ಗೀರೂ ಮೇಲೆ ಅಡಗುವುದಿಲ್ಲ. ಎರೆ ಹೊಲದ ಗಾಳಿ ಏಳುವ ಮುನ್ನ, ಬೆಳಗಿನ ಜಾವದಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಹೊಡೆದರೆ ಧೂಳು ಕೂರುವುದು ಕಡಿಮೆ. ನನ್ನನ್ನು ಕೇಳಿದರೆ ಟ್ರ್ಯಾಕ್ಟರಿನ ಪಟ್ಟಿಗೆ ಕಪ್ಪೇ ಚಂದ, ಬಾಳಿಕೆಯೂ ಹೆಚ್ಚು. ಆದರೆ ಈ ಮಾತನ್ನು ನಮ್ಮ ಚಾಲಕರು ಒಪ್ಪುವುದಿಲ್ಲ.

ಬಕೆಟ್ಟಿನಲ್ಲಿ ಉಳಿದ ಕಾಸ್ಟಿಕ್ ನೀರನ್ನು ಹೊಲಕ್ಕೆ ಚೆಲ್ಲಬೇಡಿ. ಕಾಲುವೆ ನೀರಿನ ಕಡೆ ನೆಲ ಮೊದಲೇ ಸವಳಾಗುತ್ತಿದೆ, ಅದಕ್ಕೆ ಇನ್ನಷ್ಟು ಸೋಡಿಯಂ ಬೇಕಿಲ್ಲ. ಲಿಂಬೆ ರಸ ಅಥವಾ ವಿನೆಗರ್ ಸ್ವಲ್ಪಸ್ವಲ್ಪವೇ ಸುರಿದು, ಕೆಂಪು ಲಿಟ್ಮಸ್ ಕಾಗದ ನೀಲಿಯಾಗುವುದು ನಿಂತ ಮೇಲೆ ಧಾರಾಳ ನೀರಿನೊಂದಿಗೆ ಬಚ್ಚಲಿಗೆ ಬಿಡಿ. ಕಾಗದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಹತ್ತಿರ ಸಿಗುತ್ತದೆ.

ಕೊನೆಯದಾಗಿ ದಿನದ ಲೆಕ್ಕ. ಮೇಲಿನ ಕ್ಲಿಯರ್ ಪದರ ಕೈಗೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಖಂಡೇಪೂಜೆಗೆ ಇನ್ನೂ ಹದಿನೈದು ದಿನ ಇರುವಾಗಲೇ ಕೆಲಸ ಹಿಡಿಯಿರಿ. ಹಿಂದಿನ ರಾತ್ರಿ ಬಳಿದ ಪಟ್ಟಿಗೆ ಕುಂಕುಮ ಹಚ್ಚಿದರೆ ಅದು ಮುಂದಿನ ವರ್ಷದ ಪೂಜೆಯವರೆಗೂ ಅಲ್ಲೇ ಕೂತಿರುತ್ತದೆ.